ಎಡಗಡೆಯ ಪೆಡಲು

ಸೈಕಲ್ ಅಂಗಡಿಯ ಹಿಂದಿದ್ದ ಗುಜರಿ ಗುಡ್ಡೆಯನ್ನು ಮುಟ್ಟುವ ಹಕ್ಕು ಆ ಮನೆಯಲ್ಲಿ ಅಪ್ಪನಿಗೆ ಬಿಟ್ಟರೆ ಇನ್ಯಾರಿಗೂ ಇರಲಿಲ್ಲ. ಬಾಗಿದ ರಿಮ್ಮು, ಫೋರ್ಕು ಮುರಿದ ಫ್ರೇಮು, ಸೀಟಿಲ್ಲದ ಲೇಡೀಸ್ ಸೈಕಲ್ಲು, ರಿಪೇರಿಗೆ ಬಿಟ್ಟು ಯಾರೋ ಮರೆತೇಹೋದ ಮಕ್ಕಳ ಸೈಕಲ್ಲು, ಎಲ್ಲವೂ ಒಂದಕ್ಕೊಂದು ತೊಡರಿಕೊಂಡು ಕಾಂಪೌಂಡಿನ ಎತ್ತರಕ್ಕೆ ಬೆಳೆದಿದ್ದವು. ಅಪ್ಪನ ಮಂಡಿ ಕೈಕೊಟ್ಟು ಅಂಗಡಿ ದೊಡ್ಡ ಮಗಳ ಕೈಗೆ ಬಂದ ಹೊಸದರಲ್ಲಿ, ಇದನ್ನೆಲ್ಲ ಗುಜರಿಯವನಿಗೆ ಹಾಕಿಬಿಟ್ಟರೆ ಜಾಗವಾದರೂ ಆಗುತ್ತದೆ ಎಂದು ಅವಳು ಒಮ್ಮೆ ಬಾಯಿಬಿಟ್ಟಿದ್ದಳು. ಅಪ್ಪ ಅವತ್ತು ತಟ್ಟೆ ಮುಂದಿನಿಂದ ಎದ್ದುಹೋಗಿದ್ದ. ಅಲ್ಲಿಂದಾಚೆಗೆ ಅವಳಿಗೆ ಒಂದು ನಟ್ಟು ಬೇಕಾದರೂ ಅಪ್ಪನನ್ನು ಕೇಳಬೇಕಿತ್ತು, ಅಪ್ಪ ಯೋಚನೆ ಮಾಡಿ ಕೊಡುತ್ತಿದ್ದ.

ಅಂಥ ಗುಡ್ಡೆಯ ಮೇಲೆ ಒಂದು ಬೆಳಿಗ್ಗೆ ತಂಗಿ ಹತ್ತಿ ನಿಂತಿದ್ದಳು. ಬೇಕಾದ್ದನ್ನೆಲ್ಲ ಕಿತ್ತು ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದಳು. ಅಪ್ಪ ಸ್ಟೂಲಿನ ಮೇಲೆ ಕೂತು ಊರುಗೋಲಿನಲ್ಲಿ ತೋರಿಸುತ್ತಿದ್ದ.

"ಆ ಕಪ್ಪು ಫ್ರೇಮ್ ತಗೋ ಮರಿ, ಅದು ಗಟ್ಟಿ. ಅದರ ಕೆಳಗಿನ ರಿಮ್ಮೂ ಬರಲಿ."

ಅಕ್ಕ ಪಂಕ್ಚರ್ ಹಾಕಿದ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನೋಡಿದ್ದೇ ತಡ, ಹೊಟ್ಟೆಯಲ್ಲಿ ಕೊಳ್ಳಿ ಇಟ್ಟ ಹಾಗಾಯಿತು.

"ಏನಪ್ಪಾ ಇದು?"

"ನನಗೆ ಗಾಡಿ ಮಾಡ್ತಾಳಂತೆ, ಕರೆಂಟಿಂದು," ಎಂದ ಅಪ್ಪ. "ಏರು ಹತ್ತುತ್ತಂತೆ."

ಆ ಏರು ಅಂಗಡಿಯ ಎದುರಿಗೇ ಶುರುವಾಗುತ್ತಿತ್ತು. ಅದರ ತುದಿಯಲ್ಲಿ ಅಪ್ಪನ ಹಳೇ ಗೆಳೆಯನ ಕ್ಷೌರದಂಗಡಿ. ಮಂಡಿ ಸರಿಯಿದ್ದಾಗ ದಿನಾ ಸಂಜೆ ಅಲ್ಲಿ ಹೋಗಿ ಕೂತು, ಊರ ಉಸಾಬರಿಯನ್ನೆಲ್ಲ ಮಾತಾಡಿ ಬರುವುದು ಅಪ್ಪನ ಅಭ್ಯಾಸ. ಈಗ ಗೆಳೆಯ ಮೇಲಿನಿಂದ ಕೈ ಬೀಸುತ್ತಿದ್ದ, ಅಪ್ಪ ಕೆಳಗಿನಿಂದ ಕೈ ಬೀಸುತ್ತಿದ್ದ, ಅಷ್ಟಕ್ಕೇ ಸ್ನೇಹ ಮುಗಿಯುತ್ತಿತ್ತು. ಅಕ್ಕ ಅದನ್ನು ದಿನಾ ನೋಡುತ್ತಿದ್ದಳು. ನೋಡಿ ಅಯ್ಯೋ ಅನ್ನಿಸುತ್ತಿತ್ತೇ ಹೊರತು ಗಾಡಿ ಮಾಡಿಕೊಡಬೇಕೆಂದು ಹೊಳೆದಿರಲಿಲ್ಲ. ಮೈಯುರಿಗೆ ಅದೂ ಒಂದು ಕಾರಣ. ಸೈಕಲ್ ಬಿಚ್ಚಿ ಕಟ್ಟಿಯೇ ಬೆರಳ ಸಂದಿನ ಕಪ್ಪು ಹೋಗದವಳಿಗೆ ಹೊಳೆಯದ್ದು, ಎಲ್ಲೋ ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡಿಕೊಂಡಿದ್ದು, ಆ ಕಾರ್ಖಾನೆ ಮುಚ್ಚಿತೆಂದು ಮೊನ್ನೆ ಮೊನ್ನೆ ಮನೆಗೆ ಬಂದವಳಿಗೆ ಹೊಳೆಯಿತಲ್ಲ. ಬರುವಾಗ ಬಟ್ಟೆಗಳ ನಡುವೆ ಹಳೇ ಕರೆಂಟ್ ಸ್ಕೂಟರಿನ ಮೋಟಾರೊಂದನ್ನು ಸುತ್ತಿಕೊಂಡು ಬಂದಿದ್ದಳು. ಬಂದವಳು ನೆಟ್ಟಗೆ ಗುಡ್ಡೆ ಹತ್ತಿದಳು.

ಗಾಡಿ ಬೆಳೆಯತೊಡಗಿತು. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ಬೆನ್ನಿಗೆ ಆನಿಕೆ ಇರುವ ಕುರ್ಚಿ. ಕುರ್ಚಿಯ ಅಡಿಯಲ್ಲಿ ಬ್ಯಾಟರಿ. ಹಿಂದಿನ ಗಾಲಿಗೆ ಬಲಗಡೆಯಿಂದ ಪೆಡಲಿನ ಚೈನು, ಎಡಗಡೆಯಿಂದ ಮೋಟಾರಿನ ಚೈನು. ತಂಗಿ ವೈರುಗಳನ್ನು ಬಾಯಲ್ಲಿ ಕಚ್ಚಿಕೊಂಡು ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದಳು. ಅಪ್ಪ ಸ್ಟೂಲನ್ನು ಅಂಗಡಿಯೊಳಗಿನಿಂದ ಅಂಗಳಕ್ಕೆ ಹಾಕಿಸಿಕೊಂಡ. ಇಷ್ಟು ವರ್ಷ ಆ ಸ್ಟೂಲು ಅಕ್ಕನ ಪಕ್ಕದಲ್ಲಿರುತ್ತಿತ್ತು. ಈಗ ಅದು ಇದ್ದ ಜಾಗದಲ್ಲಿ ನೆಲದ ಮೇಲೆ ಅದರ ಕಾಲಿನ ಗುರುತುಗಳಷ್ಟೇ ಉಳಿದವು. ಅಕ್ಕ ಕಸ ಗುಡಿಸುವಾಗ ಅವನ್ನು ಬೇಕೆಂದೇ ಎರಡು ಸಲ ಜೋರಾಗಿ ಉಜ್ಜಿದಳು, ಹೋಗಲಿಲ್ಲ.

ಗಿರಾಕಿಗಳದ್ದು ಬೇರೆ ಕಾಟ. ಬ್ರೇಕು ಬಿಗಿ ಮಾಡಿಸಲು ಬಂದವರು ಬ್ರೇಕು ಬಿಟ್ಟು ಅಂಗಳಕ್ಕೆ ಇಣುಕುತ್ತಿದ್ದರು. "ನಿಮ್ಮ ತಂಗಿ ಭಾರೀ ಬುದ್ಧಿವಂತೆ ಕಣ್ರೀ," ಎನ್ನುತ್ತಿದ್ದರು. "ಹೂಂ, ಚಿಕ್ಕಂದಿನಿಂದಲೂ ಹಾಗೇ," ಎಂದು ಅಕ್ಕ ನಗುತ್ತಿದ್ದಳು. ಆ ನಗು ಮುಗಿಸುವಷ್ಟರಲ್ಲಿ ಕೆನ್ನೆ ನೋಯುತ್ತಿತ್ತು.

ಇವೆಲ್ಲವನ್ನೂ ನುಂಗಿಕೊಂಡಿದ್ದಳೇನೋ. ನುಂಗಲಾಗದ್ದು ಒಂದು ಮಾತು. ಅಪ್ಪ ಮೆಚ್ಚುಗೆಯ ವಿಷಯದಲ್ಲಿ ಮಹಾ ಜಿಪುಣ. ಅಕ್ಕ ಕಡ್ಡಿ ಕಡ್ಡಿ ಪೋಣಿಸಿ, ಕೂದಲೆಳೆಯ ಓಲಾಟವಿಲ್ಲದ ಹಾಗೆ ಗಾಲಿ ಕಟ್ಟಿ ಮುಂದಿಟ್ಟರೂ ಅಪ್ಪನ ಬಾಯಿಂದ ಬರುತ್ತಿದ್ದದ್ದು ಒಂದೇ: "ನಡೀತದೆ." ಮಳೆಯಲ್ಲಿ ತುಕ್ಕು ಹಿಡಿದು ಸತ್ತೇಹೋಗಿದ್ದ ಸೈಕಲ್ಲಿಗೆ ಜೀವ ತಂದಾಗಲೂ "ನಡೀತದೆ." ಅದಕ್ಕಿಂತ ಹೆಚ್ಚಿನ ಮಾತು ಅಪ್ಪನ ಹತ್ತಿರ ಇಲ್ಲವೇ ಇಲ್ಲ ಎಂದು ಅವಳು ನಂಬಿಕೊಂಡಿದ್ದಳು, ಹಾಗೆ ನಂಬಿ ನೆಮ್ಮದಿಯಾಗಿಯೂ ಇದ್ದಳು. ತಂಗಿ ಮೋಟಾರಿಗೆ ಕರೆಂಟು ಕೊಟ್ಟು, ಅದು ಮೊದಲ ಸಲ ಗುಂಯ್ ಎಂದು ತಿರುಗಿದ ದಿನ ಅಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಭೇಷ್ ಕಣೇ ಮರಿ, ಭೇಷ್."

ಒಂದಲ್ಲ, ಎರಡು ಸಲ. ಅದೂ ಇನ್ನೂ ಎಲ್ಲಿಗೂ ಹೋಗದ, ಸುಮ್ಮನೆ ನಿಂತಲ್ಲೇ ತಿರುಗುವ ಮೋಟಾರಿಗೆ. ಅಕ್ಕ ಒಳಗೆ ಹೋಗಿ ಪಂಪು ಹಿಡಿದು, ಗಾಳಿ ತುಂಬಿದ್ದ ಟ್ಯೂಬಿಗೇ ಇನ್ನಷ್ಟು ಗಾಳಿ ಹೊಡೆದಳು. ಅದು ಢಂ ಎಂದಿತು.

ಮಾರನೆಯ ದಿನ ತಂಗಿ ಹಿಂದಿನ ಗಾಲಿಯ ನಡುವಿನ ಹಬ್ ಅನ್ನು ಲೇತ್ ಮಿಷನ್ನಿನವನ ಹತ್ತಿರ ಒಯ್ದಳು. ಮೋಟಾರಿನ ಚೈನು ಎಳೆಯುವ ಹಲ್ಲಿನ ಚಕ್ರವನ್ನು ಎಡಗಡೆ ಕೂರಿಸಬೇಕಿತ್ತು. ಅಲ್ಲಿಗೆ ಸ್ಕ್ರೂವಿಗಿರುವಂಥ ಥ್ರೆಡ್ಡು ಹೊಡೆಸಿ, ಚಕ್ರವನ್ನು ಬಿಗಿಯಾಗಿ ತಿರುಗಿಸಿ ಕೂರಿಸಿಕೊಂಡು, ಸೆರಗಿನಲ್ಲಿ ಒರೆಸುತ್ತ ತಂದು ಅಕ್ಕನ ಮುಂದೆ ಹಿಡಿದಳು.

"ಹೇಗಿದೆ ನೋಡಕ್ಕಾ."

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಚಕ್ರದ ಅಂಚಿನಲ್ಲಿ ಕಾಣುತ್ತಿದ್ದ ಥ್ರೆಡ್ಡಿನ ಮೇಲೆ ಉಗುರು ಆಡಿಸಿದಳು. ಉಗುರಿಗೆ ತಕ್ಷಣ ಗೊತ್ತಾಯಿತು.

ಸೈಕಲ್ಲಿನ ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ತಾನಾಗೇ ಬಿಚ್ಚಿಕೊಂಡು ಬೀಳುತ್ತದೆ. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು. ಲಂಗ ತೊಡುವ ವಯಸ್ಸಿನಲ್ಲಿ ಒಂದು ಎಡ ಪೆಡಲನ್ನು ಬಿಚ್ಚುತ್ತೇನೆಂದು ಹೋಗಿ, ಜೋತುಬಿದ್ದು ಜೋತುಬಿದ್ದು ಅದನ್ನು ಇನ್ನಷ್ಟು ಬಿಗಿ ಮಾಡಿಟ್ಟಿದ್ದಳು. ಅಪ್ಪ ಬಿದ್ದು ಬಿದ್ದು ನಕ್ಕಿದ್ದ. ಅವತ್ತಿನಿಂದ ಅವಳು ಹಟ ಹಿಡಿದಾಗಲೆಲ್ಲ ಅಪ್ಪನಿಗೆ ಅವಳು "ಎಡ ಪೆಡಲು". ಪೆಡಲಿನ ಮಾತು ಹಲ್ಲಿನ ಚಕ್ರಕ್ಕೂ ಅಷ್ಟೇ. ಎಡಗಡೆ ಕೂತು ಗಾಲಿಯನ್ನು ಮುಂದಕ್ಕೆ ಎಳೆಯುವ ಚಕ್ರಕ್ಕೆ ಉಲ್ಟಾ ಥ್ರೆಡ್ಡು ಇರಬೇಕು. ಇದಕ್ಕೆ ಲೇತ್‌ನವನು ಸಾದಾ ಥ್ರೆಡ್ಡು ಹೊಡೆದಿದ್ದ. ತಂಗಿ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಸಮ ರಸ್ತೆಯಲ್ಲಿ ಹೇಗೋ ಓಡೀತು. ಏರಿನಲ್ಲಿ ಭಾರ ಬಿದ್ದರೆ ಮೋಟಾರೇ ಆ ಚಕ್ರವನ್ನು ಬಿಚ್ಚಿ ಹಾಕುತ್ತದೆ.

"ಚೆನ್ನಾಗಿದೆ," ಎಂದಳು ಅಕ್ಕ.

ಹೇಳಬಾರದ್ದನ್ನು ಹೇಳಿದೆನೆಂದು ಅವಳಿಗೆ ಆಗಲೇ ಗೊತ್ತಿತ್ತು. ಆದರೂ ಅವತ್ತಿನಿಂದ ಅವಳ ಮುಖದಲ್ಲಿ ಒಂದು ಕಳೆ ಬಂತು. ತಂಗಿ ಮೊದಲು ತಾನೇ ಏರು ಹತ್ತಿ ತೋರಿಸುತ್ತೇನೆಂದು ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದಳು. ಹತ್ತಲಿ. ಅರ್ಧ ಏರಿನಲ್ಲಿ ಚೈನು ಜಾರಿ ರಸ್ತೆಗೆ ಬೀಳಲಿ, ಗಾಡಿ ನಿಲ್ಲಲಿ, ಎಲ್ಲರೂ ನೋಡಲಿ. ತಂಗಿಗೆ ಕೈ ಗಟ್ಟಿಯಿದೆ, ಬ್ರೇಕು ಹಿಡಿಯುತ್ತಾಳೆ, ಮಾನ ಬಿಟ್ಟು ಬೇರೇನೂ ಹೋಗುವುದಿಲ್ಲ. ಆಗ ತಾನು ಸ್ಪ್ಯಾನರ್ ಹಿಡಿದು ನಿಧಾನವಾಗಿ ಏರು ಹತ್ತುವುದು. "ಎಡಗಡೆಗೆ ಉಲ್ಟಾ ಥ್ರೆಡ್ಡು ಬೇಕು ಅಂತ ಗೊತ್ತಿರ್ಲಿಲ್ವಾ ಮರಿ?" ಎನ್ನುವುದು. ತರಕಾರಿ ಹೆಚ್ಚುವಾಗ, ಪಾತ್ರೆ ತೊಳೆಯುವಾಗ ಅವಳು ಆ ಮಾತನ್ನು ಬಾಯಿಪಾಠ ಮಾಡಿದಳು. ಒಮ್ಮೊಮ್ಮೆ "ಮರಿ" ಸೇರಿಸಿ, ಒಮ್ಮೊಮ್ಮೆ ಬಿಟ್ಟು.

ಆ ದಿನವೂ ಬಂತು. ಅಂಗಳದಲ್ಲಿ ಒಂದಷ್ಟು ಸುತ್ತು ಹೊಡೆದು ತಂಗಿ ಗಾಡಿಯನ್ನು ಬೀದಿಗೆ ತಂದಳು. ದರ್ಜಿ ಮಿಷನ್ ನಿಲ್ಲಿಸಿ ಎದ್ದು ಬಂದ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ನಿಂತ. ಮೇಲೆ ಗೆಳೆಯ, ಅರ್ಧ ಕ್ಷೌರವಾದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಕತ್ತರಿ ಹಿಡಿದ ಕೈಯನ್ನೇ ಬೀಸುತ್ತಿದ್ದ. ಅಕ್ಕ ಬಾಗಿಲಿಗೆ ಒರಗಿದಳು. ಸ್ಪ್ಯಾನರ್ ಜೇಬಿನಲ್ಲಿತ್ತು.

"ತಡಿ," ಎಂದ ಅಪ್ಪ. "ನಾನೇ ಹೋಗ್ತೀನಿ."

"ಮೊದಲು ನಾನು ಒಂದ್ಸಲ ಹತ್ತಿ ನೋಡ್ತೀನಪ್ಪಾ."

"ಅವನು ಅಲ್ಲಿ ಕಾಯ್ತಿದಾನೆ ನೋಡು. ಇನ್ನೆಷ್ಟು ದಿನ ಕೈ ಬೀಸ್ಕೊಂಡೇ ಇರ್ಲಿ?" ಅಪ್ಪ ಊರುಗೋಲನ್ನು ದರ್ಜಿಯ ಕೈಗೆ ಕೊಟ್ಟು, ತಂಗಿಯ ಭುಜ ಹಿಡಿದು ಕುರ್ಚಿಯವರೆಗೆ ಬಂದ. ಕೂರುವ ಮುಂಚೆ ನಿಂತ.

"ದೊಡ್ಡವಳು ನೋಡಿದಾಳಾ ಇದನ್ನ?"

"ನೋಡಿದಾಳೆ. ಚೆನ್ನಾಗಿದೆ ಅಂದ್ಲು."

"ಹಾಗಿದ್ರೆ ಸರಿ," ಎಂದ ಅಪ್ಪ, ಕೂತುಬಿಟ್ಟ.

ಅಪ್ಪ ಗಾಲಿ ಅಲ್ಲಾಡಿಸಿ ನೋಡಲಿಲ್ಲ, ಚೈನು ಎತ್ತಿ ನೋಡಲಿಲ್ಲ, ಬ್ರೇಕು ಅದುಮಿ ನೋಡಲಿಲ್ಲ. ಬೇರೆಯವರು ಬಿಗಿ ಮಾಡಿದ ಒಂದು ಸ್ಕ್ರೂವನ್ನೂ ತಾನು ಇನ್ನೊಮ್ಮೆ ತಿರುಗಿಸದೆ ನಂಬಿದವನಲ್ಲ ಅಪ್ಪ. ಅಕ್ಕನಿಗೆ ಆಗ ಒಂದು ವಿಷಯ ಥಟ್ಟನೆ ಹೊಳೆಯಿತು: ತಾನು ಕಟ್ಟಿಕೊಟ್ಟ ಗಾಲಿಯನ್ನು ಅಪ್ಪ ಯಾವತ್ತೂ ತಿರುಗಿಸಿ ನೋಡಿದ್ದೇ ಇಲ್ಲ. ನೋಡದೆಯೇ "ನಡೀತದೆ" ಎನ್ನುತ್ತಿದ್ದ. ಅದನ್ನು ಅಸಡ್ಡೆ ಎಂದುಕೊಂಡು ಅವಳು ಇಷ್ಟು ವರ್ಷ ಒಳಗೊಳಗೇ ಕುದಿದಿದ್ದಳು.

ಅವಳ ಕಣ್ಣು ತಂಗಿಯ ಮುಖದ ಮೇಲೆ ಬಿತ್ತು. ತಂಗಿ ಅಪ್ಪನನ್ನು ನೋಡುತ್ತಿದ್ದಳು, ತುಟಿ ಕಚ್ಚಿಕೊಂಡಿದ್ದಳು. ಆ ಮುಖದಲ್ಲಿ ಇದ್ದದ್ದೇನೆಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹೊಟ್ಟೆಯುರಿಯನ್ನೇ ಅಲ್ಲವೇ ತಾನು ಇಷ್ಟು ದಿನ ಅನ್ನ ಹಾಕಿ ಸಾಕಿದ್ದು.

ಅಪ್ಪನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ಆ ಬೆರಳುಗಳಿಗೆ ಲೋಟವನ್ನೇ ಗಟ್ಟಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ಏರಿನ ಮಧ್ಯೆ ಗಾಡಿ ಹಿಂದಕ್ಕೆ ಜಾರಿದರೆ ಬ್ರೇಕು ಹಿಡಿಯುವವರು ಯಾರು?

"ಅಪ್ಪಾ, ಇಳಿ."

"ಯಾಕೆ?"

"ನಾನು ಸರಿಯಾಗಿ ನೋಡಿಲ್ಲ."

ಬೀದಿಯೆಲ್ಲ ಅವಳ ಕಡೆ ತಿರುಗಿತು. ಅವಳು ಹಿಂದಿನ ಗಾಲಿಯ ಹತ್ತಿರ ಮಂಡಿಯೂರಿ ಚೈನು ತೆಗೆದಳು, ಹಲ್ಲಿನ ಚಕ್ರಕ್ಕೆ ಕೈ ಹಾಕಿದಳು. ಸ್ಪ್ಯಾನರ್ ಬೇಕಾಗಲಿಲ್ಲ. ಅಂಗಳದ ಆ ಸುತ್ತುಗಳಿಗೇ ಅದು ಸಡಿಲವಾಗಿತ್ತು, ಡಬ್ಬಿಯ ಮುಚ್ಚಳದ ಹಾಗೆ ತಿರುಗಿ ಅವಳ ಅಂಗೈಗೆ ಬಂತು. ತಂಗಿ ಬಗ್ಗಿ ಥ್ರೆಡ್ಡು ನೋಡಿದಳು, ಅಕ್ಕನ ಮುಖ ನೋಡಿದಳು.

"ಅವತ್ತೇ ಗೊತ್ತಿತ್ತಾ ನಿನಗೆ?" ದನಿ ಯಾರಿಗೂ ಕೇಳದಷ್ಟು ಸಣ್ಣಗಿತ್ತು.

ಬಾಯಿಪಾಠ ಮಾಡಿದ ಮಾತು ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಈಗ ಆಡುವಂತಿರಲಿಲ್ಲ.

"ಗೊತ್ತಿತ್ತು," ಎಂದಳು.

ತಂಗಿ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಆ ಚಕ್ರದ ಹಲ್ಲುಗಳನ್ನು ಬೆರಳಿನಿಂದ ಮುಟ್ಟುತ್ತ ಕೂತಳು.

"ವೈರು ನಾನು ಎಳೆದೆ, ಬ್ಯಾಟರಿ ನಾನು ಕಟ್ಟಿದೆ," ಎಂದಳು. "ಗಾಡಿ ಮಾಡಿದ್ದು ನಾನು ಅಂತ ಬೀದಿಗೆಲ್ಲ ಗೊತ್ತು. ಕೂರೋ ಮುಂಚೆ ಅಪ್ಪ ಕೇಳಿದ್ದು ಮಾತ್ರ ನಿನ್ನ."

"ನಿನಗೆ ಭೇಷ್ ಅಂದ್ನಲ್ಲ. ಎರಡು ಸಲ."

"ಚಿಕ್ಕೋಳಿದ್ದಾಗ ಗೋಡೆ ಮೇಲೆ ಗೀಚಿದ್ರೂ ಭೇಷ್ ಅಂತಿದ್ದ. ಅದನ್ನ ನಂಬಿ ಯಾರಾದ್ರೂ ಗಾಡಿ ಹತ್ತುತಾರಾ?"

ಅಕ್ಕ ಎದ್ದು ವೆಲ್ಡಿಂಗ್ ಅಂಗಡಿಯವನನ್ನು ಕರೆದಳು. ಗಾಲಿ ಬಿಚ್ಚಿ, ಚಕ್ರವನ್ನು ಮತ್ತೆ ಬಿಗಿಯಾಗಿ ಕೂರಿಸಿ, ಸುತ್ತಲೂ ಅಲ್ಲಲ್ಲಿ ಬೆಸುಗೆ ಹಾಕಿಸಿದರು. ತಂಗಿ ಹಿಡಿದುಕೊಂಡಳು, ಅಕ್ಕ ತೋರಿಸಿದಳು. ಬೆಸುಗೆ ಆರಿದ ಮೇಲೆ ಅಕ್ಕ ಅದನ್ನು ಇಕ್ಕಳದಲ್ಲಿ ಹಿಡಿದು ಮೈಭಾರ ಹಾಕಿ ತಿರುಚಿದಳು. ಅಲ್ಲಾಡಲಿಲ್ಲ. ಗಾಲಿ ಮತ್ತೆ ಗಾಡಿ ಸೇರಿತು. ಅಷ್ಟು ಹೊತ್ತೂ ಅಪ್ಪ ದರ್ಜಿಯ ಬೆಂಚಿನ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದ. ಏನು ಗೊತ್ತಾಯಿತೋ, ಎಷ್ಟು ಗೊತ್ತಾಯಿತೋ, ಎದ್ದು ಬಂದವನು ದೊಡ್ಡವಳ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ "ಎಡ ಪೆಡಲು" ಎಂದ.

ಈ ಸಲ ತಂಗಿ ಒಬ್ಬಳೇ ಮೊದಲು ಹತ್ತಿ ಇಳಿದಳು. ಆಮೇಲೆ ಅಪ್ಪ ಕೂತ. ಅಕ್ಕ ಗಾಡಿಯ ಎಡಗಡೆ, ತಂಗಿ ಬಲಗಡೆ, ಒಂದೊಂದು ಕೈ ಕುರ್ಚಿಯ ಬೆನ್ನಿನ ಮೇಲೆ ಇಟ್ಟುಕೊಂಡು ಜೊತೆಗೆ ನಡೆದರು. ಅರ್ಧ ಏರಿನಲ್ಲಿ ಮೋಟಾರು ತಿಣುಕಿತು, ನಿಲ್ಲಲಿಲ್ಲ. ಏರು ಮುಗಿಯುವ ಹತ್ತಿರ ಗಾಡಿ ಅವರಿಬ್ಬರ ಕೈಗಳನ್ನು ಬಿಡಿಸಿಕೊಂಡು ಮುಂದಕ್ಕೆ ಹೋಗಿ, ಕ್ಷೌರದಂಗಡಿಯ ಬಾಗಿಲಲ್ಲೇ ನಿಂತಿತು. ಗೆಳೆಯ ಅಪ್ಪನ ಗಲ್ಲ ಹಿಡಿದು, "ಎಷ್ಟು ಬೆಳೆದಿದೆಯೋ ನಿನ್ನ ಗಡ್ಡ," ಎಂದಷ್ಟೇ ಹೇಳಿದ.

ಏದುಸಿರು ಬಿಡುತ್ತ ಅಕ್ಕತಂಗಿಯರು ಬಂದು ನಿಂತರು. ಅಪ್ಪ ಗಾಡಿಯ ಹ್ಯಾಂಡಲ್ಲನ್ನು ಅಂಗೈಯಿಂದ ಒಮ್ಮೆ ತಟ್ಟಿದ.

"ನಡೀತದೆ," ಎಂದ.

ಅಕ್ಕ ತಂಗಿಯನ್ನು ನೋಡಿದಳು, ತಂಗಿ ಅಕ್ಕನನ್ನು ನೋಡಿದಳು. ಅಪ್ಪ ಅದನ್ನು ಯಾರಿಗೆ ಹೇಳಿದನೆಂದು ಕೇಳಲು ಇಬ್ಬರೂ ಬಾಯಿ ತೆರೆದರು, ಇಬ್ಬರೂ ಮುಚ್ಚಿಕೊಂಡರು.