ಹಲಸಿನ ಮರದಡಿಯ ಕುರ್ಚಿ

ವೇಣೂರಿನಿಂದ ಒಳಗೆ, ಬಸ್ಸು ತಿರುಗುವ ಏರಿನಲ್ಲಿ ಅಬ್ದುಲ್ ವಹಾಬರ ಅಂಗಡಿ. ನಮ್ಮೂರಿನಲ್ಲಿ ಮೊಬೈಲಿಗೆ ಸರಿಯಾಗಿ ಜೀವ ಬರುವುದು ಅಲ್ಲಿ ಮಾತ್ರ. ರಾಜ್ಯದ ಹಳ್ಳಿಗಳಿಗೆ ಅತಿವೇಗದ ಇಂಟರ್ನೆಟ್ ಎಳೆಯುವ ಮೊದಲು ಜನರನ್ನೂ ಕೇಳಬೇಕೆಂದು ಸರಕಾರಕ್ಕೆ ತೋಚಿ, ಮಂಗಳೂರಿನಿಂದ ಇಂಜಿನಿಯರ್ ಮನ್ವಿತ್ ಬರುವುದೆಂದಾಯಿತು. ಬಂದವರ ಕಂಪ್ಯೂಟರಿಗೆ ನಡುವೆ ನೆಟ್ ಕೈಕೊಟ್ಟರೆ ಊರಿನ ಮರ್ಯಾದೆ ಏನಾಗಬೇಕು? ಸಭೆಯನ್ನು ವಹಾಬರ ಅಂಗಡಿ ಜಗಲಿಯಲ್ಲೇ ಇಡುವ ಎಂದು ಎಲ್ಲರೂ ಒಪ್ಪಿದೆವು. ಇಂಥ ಬುದ್ಧಿವಂತಿಕೆ ನಮಗೇ ಮೀಸಲು.

ಈ ಸಭೆಗಾಗಿ ಎಲ್ಲರಿಗಿಂತ ಹೆಚ್ಚು ಕಾದವಳು ನನ್ನ ನೆರೆಮನೆಯ ನಬೀಸಾ. ಮಗಳು ಶಮ್ನಾ ಶಾರ್ಜಾದಲ್ಲಿದ್ದಾಳೆ. ಮೊಮ್ಮಗಳು ಹನಾ ಹುಟ್ಟಿದ್ದೂ ಅಲ್ಲೇ, ನಡೆಯಲು ಕಲಿತದ್ದೂ ಅಲ್ಲೇ. ಮನೆಯಿಂದ ವಿಡಿಯೋ ಕರೆ ಮಾಡಿದರೆ ಮಗು ಎದ್ದು ನಿಲ್ಲುವುದು ಕಾಣುತ್ತದೆ, ಕಾಲೆತ್ತುವಾಗ ಚಿತ್ರ ನಿಂತುಬಿಡುತ್ತದೆ. ಮತ್ತೆ ಚಿತ್ರ ಬಂದಾಗ ಮಗು ಆಚೆ ಗೋಡೆಯ ಹತ್ತಿರ ಇರುತ್ತದೆ. ಅಂಗಡಿಯ ಏರು ಹತ್ತೋಣವೆಂದರೆ ನಬೀಸಾಗೆ ಮಂಡಿನೋವು. ಕಷ್ಟಪಟ್ಟು ಹತ್ತಿದ ದಿನ ಮಗುವಿಗೆ ನಿದ್ದೆ.

ಸಭೆಯ ದಿನ ಮನ್ವಿತ್ ತನ್ನ ಮೊಬೈಲಿನಲ್ಲಿ ನೆಟ್‌ವರ್ಕಿನ ವೇಗ ಅಳೆದು ಹುಬ್ಬೇರಿಸಿದ. ಇಲ್ಲಿ ಚೆನ್ನಾಗಿಯೇ ಉಂಟಲ್ಲ ಎಂದು ಕೇಳಿದ. ಬಂದವರ ಮಾತಿಗೆ ಎದುರು ಹೇಳುವುದು ನಮ್ಮಲ್ಲಿಲ್ಲ. ತೋಟದ ಹುಕ್ರಪ್ಪಣ್ಣ ಎಲ್ಲರ ಪರವಾಗಿ ಉಂಟು, ಉಂಟು ಎಂದು ತಲೆಯಾಡಿಸಿದರು. ಅದೇ ಹೊತ್ತಿಗೆ ಅವರ ಮೊಬೈಲೂ ರಿಂಗಾಗಬೇಕೇ! ಹಾಗಾದರೆ ಬೇರೆ ಊರುಗಳಿಗೆ ಮೊದಲು ಕೊಡುವ, ನಿಮ್ಮದು ಮುಂದೆ ನೋಡುವ, ಇವತ್ತೇ ವರದಿ ಕಳಿಸುತ್ತೇನೆ ಎಂದು ಮನ್ವಿತ್ ಎದ್ದುಬಿಟ್ಟ. ನಬೀಸಾಳ ಮುಖ ಸಣ್ಣಗಾಯಿತು. ನನಗೆ ನಮ್ಮೆಲ್ಲರ ಮೇಲೂ ಸಿಟ್ಟು ಬಂತು, ಆದರೆ ನಾನೂ ಬಾಯಿ ತೆರೆಯಲಿಲ್ಲ.

ನಬೀಸಾ ಇಂಟರ್ನೆಟ್ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಊಟ ಮಾಡದೆ ಹೋಗ್ಲಿಕ್ಕೆ ಇಲ್ಲ. ಕೋಳಿಸಾರು ಮಾಡಿಟ್ಟಿದ್ದೇನೆ," ಎಂದಳು.

ಅವನ ಕಾರಿನಲ್ಲೇ ಅವಳ ಮನೆಗೆ ಇಳಿದೆವು. ನೀರುದೋಸೆ ಎರೆದದ್ದು ನಾನು, ಬೇಡ ಬೇಡ ಎನ್ನುತ್ತಲೇ ತಿಂದದ್ದು ಅವನು. ಕೈ ತೊಳೆದು ವರದಿ ಕಳಿಸಲು ನೋಡಿದರೆ ಮೊಬೈಲು ಸತ್ತೇ ಹೋದಂತಿತ್ತು. ಜಗಲಿಗೆ ಹೋದ, ಅಂಗಳಕ್ಕಿಳಿದ, ಬಾವಿಕಟ್ಟೆಗೂ ಹೋಗಿ ಬಂದ.

"ಇಲ್ಲಿ ನೆಟ್ ಇಲ್ವಾ?"

"ಉಂಟು. ಬನ್ನಿ, ತೋರಿಸ್ತೇನೆ."

ಹಿತ್ತಲಿನ ಹಲಸಿನ ಮರದಡಿ ಒಂದು ಪ್ಲಾಸ್ಟಿಕ್ ಕುರ್ಚಿ. ನಬೀಸಾ ಅವನನ್ನು ಅದರಲ್ಲಿ ಕೂರಿಸಿ, ಮೊಬೈಲನ್ನು ಕೊಂಬೆಯ ಕಡೆಗೆ ಎತ್ತಿ ಹಿಡಿಯಬೇಕು, ಅಲುಗಾಡಬಾರದು ಎಂದು ಹೇಳಿಕೊಟ್ಟಳು. ವರದಿ ಹೋಗುವ ಚಕ್ರ ತಿರುಗುತ್ತಲೇ ಇತ್ತು. ಕೆಂಪಿರುವೆಗಳು ಅವನ ಕಾಲರಿನೊಳಗೆ ಇಳಿಯತೊಡಗಿದವು. ಅಲುಗಾಡುವಂತಿಲ್ಲವಲ್ಲ, ಪಾಪ. ನಗು ತಡೆಯಲು ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

"ನೀವು ದಿನಾ ಹೀಗೇ ಕೂರ್ತೀರಾ?" ಅವನು ಕೇಳಿದ.

"ಮೊಮ್ಮಗಳು ನಡೀತಾಳೆ ಅಂತ ಹೇಳ್ತಾರೆ," ಎಂದಳು ನಬೀಸಾ. "ನಾನು ಇನ್ನೂ ನೋಡ್ಲಿಲ್ಲ."

ಮನ್ವಿತ್ ಎತ್ತಿ ಹಿಡಿದ ಮೊಬೈಲನ್ನು ಕೆಳಗಿಳಿಸಿದ. ಮತ್ತೆ ಆ ವರದಿಯನ್ನು ಅಳಿಸಿ, ಇರುವೆ ಕೊಡವಿಕೊಂಡು ಎದ್ದ. ಆ ಮಧ್ಯಾಹ್ನ ಮನೆ ಮನೆಗೆ ಹೋಗಿ ವೇಗ ಅಳೆದ. ಜನರಿಗೂ ಆಗ ಬಾಯಿ ಬಂತು. ಹುಕ್ರಪ್ಪಣ್ಣನಂತೂ ತಾವು ಕೊಟ್ಟಿಗೆಯ ಏಣಿ ಹತ್ತಿ ಮೊಬೈಲಿನಲ್ಲಿ ಮಾತಾಡುವುದನ್ನು ಹತ್ತಿಯೇ ತೋರಿಸಿದರು. ಊಟಕ್ಕೆ ಕರೆದದ್ದು ಬೇಕೆಂದೇ ಎಂದು ವಹಾಬರು ಈಗಲೂ ಕೆಣಕುತ್ತಾರೆ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸ್ಲಿಕ್ಕೆ ಆಗ್ತದಾ ಎಂದಷ್ಟೇ ನಬೀಸಾ ಹೇಳುತ್ತಾಳೆ.

ಮಳೆಗಾಲ ಮುಗಿದ ಮೇಲೆ ನಮ್ಮೂರಿಗೆ ಇಂಟರ್ನೆಟ್ ತಂತಿ ಬಂತು. ಸಂಪರ್ಕ ಸಿಕ್ಕ ದಿನ ನಾನೂ ನಬೀಸಾಳ ಪಕ್ಕದಲ್ಲಿದ್ದೆ. ಹನಾ ಎದ್ದು ನಿಂತಳು. ಕಾಲೆತ್ತಿದಳು. ಚಿತ್ರ ನಿಲ್ಲಲಿಲ್ಲ. ತೂರಾಡುತ್ತ ನಮ್ಮ ಕಡೆಗೇ ಬಂದಳು, ಬರುಬರುತ್ತ ಮುಗ್ಗರಿಸಿದಳು. ನಬೀಸಾ "ಅಲ್ಲಾ" ಎಂದು ಹಿಡಿಯಲು ಎರಡೂ ಕೈ ಚಾಚಿದಳು. ಮೊಬೈಲು ದಡಕ್ಕನೆ ನೆಲಕ್ಕೆ ಬಿತ್ತು, ಮಗು ನಗುವುದು ಅಲ್ಲಿಂದಲೂ ಸ್ಪಷ್ಟವಾಗಿ ಕೇಳಿಸಿತು.