ಒಂಟಿ ಮೊಗ್ಗಿನ ಸೋಡಿಯಂ

ಶಿರ್ವದ ಕುಶಲಾ ಕಟ್ಟಿದ ಮಲ್ಲಿಗೆ ಬರುತ್ತದೆಂದರೆ ಮುಂಬಯಿಯ ವಿಮಾನವೂ ಐದು ನಿಮಿಷ ಕಾಯುತ್ತದೆ. ಆ ಕುಶಲಾ ನಾನೇ. ಎಂಟುನೂರು ಮೊಗ್ಗಿಗೆ ಒಂದು ಚೆಂಡು. ಧಾರಾವಾಹಿ ನೋಡುತ್ತಾ ಕಟ್ಟಿದರೂ ನನ್ನ ಚೆಂಡಿನಲ್ಲಿ ಒಂದು ಮೊಗ್ಗು ಕಡಿಮೆಯೆಂದು ತೋರಿಸಬಲ್ಲವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ನನ್ನ ತಂಗಿಯ ಮಗಳು ತನ್ವಿ ಒಂಬತ್ತನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪರಮಾಣುವಿನ ಪಾಠ ಅವಳನ್ನು ಅಡ್ಡಡ್ಡ ಮಲಗಿಸಿತ್ತು. "ಮಾದರಿ ಮಾಡಿ ನೋಡು, ಆಗ ತಲೆಗೆ ಹೋಗ್ತದೆ" ಎಂದರು ವಿಜ್ಞಾನದ ವಿಲ್ಮಾ ಟೀಚರ್. ಕಾಪುವಿನ ವಸ್ತುಪ್ರದರ್ಶನದಲ್ಲಿ ಗೆದ್ದ ಒಂದೇ ಒಂದು ಮಾದರಿ ಉಡುಪಿಯ ಜಿಲ್ಲಾ ಪ್ರದರ್ಶನಕ್ಕೆ ಹೋಗುತ್ತದೆ. ಹೇಗಾದರೂ ಅದು ತನ್ನದೇ ಆಗಬೇಕೆಂದು ಹುಡುಗಿ ಎರಡು ವಾರ ಊಟ ಮರೆತಳು. ಅವಳ ಪಾಲಿನದನ್ನೂ ನಾನೇ ಉಂಡೆ.

ರಟ್ಟಿನ ಮೇಲೆ ಸೋಡಿಯಂ ಪರಮಾಣು, ಪಕ್ಕದಲ್ಲೇ ಕ್ಲೋರಿನ್ ಪರಮಾಣು. ನಡುವಿನ ನ್ಯೂಕ್ಲಿಯಸ್‌ಗಳಲ್ಲಿ ಪ್ರೋಟಾನುಗಳಾಗಿ ಕೆಂಪು ಗುಲಗಂಜಿ, ನ್ಯೂಟ್ರಾನುಗಳಾಗಿ ಹೆಸರುಕಾಳು. ಸುತ್ತಲೂ ಬಾಳೆನಾರಿನ ಮೂರು ಮೂರು ಬಳೆ. ಅವುಗಳ ಮೇಲೆ ಎಲೆಕ್ಟ್ರಾನುಗಳಾಗಿ ಕೂತದ್ದು ಜಗತ್ಪ್ರಸಿದ್ಧವಾದ ನನ್ನ ಮಲ್ಲಿಗೆ ಮೊಗ್ಗುಗಳು.

ಕಾಪುವಿನಲ್ಲಿ ತನ್ವಿ ನೀರು ಕುಡಿಯಲು ಹೋದಾಗ ಮಾದರಿಗೆ ನಾನು ಕಾವಲು. ನೋಡುತ್ತೇನೆ, ಸೋಡಿಯಂನ ಹೊರಬಳೆಯಲ್ಲಿ ಒಂದೇ ಮೊಗ್ಗು! ಕ್ಲೋರಿನ್‌ನ ಹೊರಬಳೆಯಲ್ಲಿ ಏಳು! ನಾರಿನಲ್ಲಿ ಒಂಟಿ ಮೊಗ್ಗು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮಿಕ್ಕಿದ್ದು ಪಕ್ಕದ ಕೊರತೆಗೆ ಸೇರಬೇಕು. ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ರೆಪ್ಪೆ ಬಡಿಯುವುದರೊಳಗೆ ಒಂಟಿಯನ್ನು ಬಿಚ್ಚಿ ಏಳರ ಪಕ್ಕ ಕಟ್ಟಿದವು. ಖಾಲಿಯಾದ ಬಳೆಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತನ್ವಿ ಮರಳುವುದಕ್ಕೂ ತೀರ್ಪುಗಾರರು ಬರುವುದಕ್ಕೂ ಸರಿಹೋಯಿತು. ಮಣಿಪಾಲದ ನಿವೃತ್ತ ಪ್ರೊಫೆಸರ್ ಯಜ್ಞನಾರಾಯಣ ರಾಯರು. ಅವರ ಕನ್ನಡಕದ ದಪ್ಪಕ್ಕೆ ನಿಜವಾದ ಪರಮಾಣುವೇ ಕಾಣಿಸಬೇಕು.

"ಸೋಡಿಯಂ ಪರಮಾಣು ಅಂತ ಬರೆದಿದ್ದೀಯಲ್ಲ ಮಗಾ, ಎಲೆಕ್ಟ್ರಾನ್ ಹತ್ತೇ ಉಂಟು. ಹನ್ನೊಂದನೆಯದು ಎಂತ ಆಯ್ತು?"

ತನ್ವಿ ಮಾದರಿ ನೋಡಿದಳು. ನನ್ನನ್ನು ನೋಡಿದಳು.

"ದೊಡ್ಡಮ್ಮಾ, ಎಂತ ಮಾಡಿದ್ದು ನೀವು?"

"ಒಂಟಿ ಇತ್ತಲ್ಲ, ಪಕ್ಕಕ್ಕೆ ಸೇರಿಸಿದೆ. ಚಂದ ಆಯ್ತು, ಅಲ್ವಾ?"

ವಿಲ್ಮಾ ಟೀಚರ್ ಹಣೆಗೆ ಕೈ ಹಚ್ಚಿದರು. ರಾಯರು ಪೆನ್ನು ತೆಗೆದರು. ಮಾದರಿ ಕೆಡಿಸಿದ್ದು ನಾನೇ ಎಂದು ನನಗೆ ಆಗ ಅರ್ಥವಾಯಿತು. ನನ್ನ ಎದೆಬಡಿತ ಕಾಪು ಕಡಲತೀರದ ದೀಪಸ್ತಂಭದ ತುದಿಯವರೆಗೂ ಕೇಳಿಸಿರಬೇಕು.

ತನ್ವಿ ಅಳಲಿಲ್ಲ. ಬೆರಳಿಟ್ಟು ಗುಲಗಂಜಿ ಎಣಿಸಿದಳು.

"ಸರ್, ನಾನು ಮಾಡಿದ್ದು ಪರಮಾಣುವೇ. ದೊಡ್ಡಮ್ಮ ಒಂದು ಎಲೆಕ್ಟ್ರಾನ್ ತೆಗೆದು ಕ್ಲೋರಿನ್‌ಗೆ ಕೊಟ್ಟಿದ್ದಾರೆ. ಪ್ರೋಟಾನ್ ಹನ್ನೊಂದೂ ಉಂಟು, ಹಾಗಾಗಿ ಇದು ಈಗಲೂ ಸೋಡಿಯಂ. ಆದರೆ ಋಣ ಆವೇಶ ಒಂದು ಕಡಿಮೆ, ಆದ್ದರಿಂದ ಧನ ಅಯಾನು. ಕ್ಲೋರಿನ್‌ಗೆ ಒಂದು ಹೆಚ್ಚು, ಅದು ಋಣ ಅಯಾನು. ಒಂದನ್ನೊಂದು ಎಳೀತವೆ. ಉಪ್ಪು ಆಗ್ತದೆ."

ಹೇಳುತ್ತಲೇ ಚೀಟಿಯಲ್ಲಿದ್ದ 'ಪರಮಾಣು'ವನ್ನು ಹೊಡೆದು 'ಅಯಾನು' ಎಂದು ಬರೆದಳು. ರಾಯರು ಬಿಡುವ ಪೈಕಿಯಲ್ಲ.

"ಐಸೋಟೋಪ್ ಅಂದರೆ?"

"ಈ ಕ್ಲೋರಿನ್‌ಗೆ ಇನ್ನೆರಡು ಹೆಸರುಕಾಳು ಹಾಕಿದರೆ ಭಾರ ಜಾಸ್ತಿ, ಆದರೆ ಕ್ಲೋರಿನ್ನೇ. ದೊಡ್ಡಮ್ಮನ ಮಲ್ಲಿಗೆ ಹಾಗೆ ಸರ್. ನಾರು ಒದ್ದೆಯಾದರೆ ತೂಕ ಹೆಚ್ಚು. ಮೊಗ್ಗು ಎಂಟುನೂರೇ, ಹಾಗಾಗಿ ಒಂದು ಚೆಂಡೇ."

ರಾಯರು ಕನ್ನಡಕ ತೆಗೆದು ಒರೆಸಿದರು. "ಬಾಯಿಪಾಠ ಮಾಡಿದವರಾದರೆ ಇಲ್ಲಿ ಬಿದ್ದುಹೋಗ್ತಿದ್ದರು. ಉಡುಪಿಗೆ ಬಾ ಮಗಾ." ಆಮೇಲೆ ನನ್ನತ್ತ ತಿರುಗಿ, "ನೀವೂ ಬನ್ನಿ ಅಮ್ಮಾ. ಕೈ ಮಾತ್ರ ಮನೆಯಲ್ಲೇ ಇಟ್ಟು ಬನ್ನಿ" ಎಂದರು.

ಕಾಪುವಿನಲ್ಲಿ ಸಮುದ್ರದ ಸಹಾಯವಿಲ್ಲದೆ ಉಪ್ಪು ಮಾಡಿದ ಮೊದಲ ಹೆಂಗಸು ನಾನೆಂದು ಹಿರಿಯಡ್ಕದವರೆಗೂ ಸಾರಿದ್ದೇನೆ. ಆದರೆ ಉಡುಪಿಯಲ್ಲಿ ಹೊಸ ಸೋಡಿಯಂ ಪರಮಾಣುವಿನೆದುರು ನಾಲ್ಕು ಗಂಟೆ ಕೂತೆ. ಹೊರಬಳೆಯ ಒಂಟಿ ಮೊಗ್ಗು ನನ್ನನ್ನೇ ನೋಡುತ್ತಿತ್ತು. ಬೆರಳು ತುರಿಸಿತು. ತನ್ವಿ ಸಾವಿರ ಜನರಿಗೆ, ಸರಿ, ಒಂದು ನೂರು ಜನರಿಗೆ, ಅದನ್ನು ತೋರಿಸಿ ವಿವರಿಸುತ್ತಿದ್ದಳು.

ನಾನು ಮುಟ್ಟಲಿಲ್ಲ.