ಹದಿನೆಂಟು ದಿನ

ಮುನಿಕೆಂಪಮ್ಮ ನಾದಿನಿಯ ಕೈಯಿಂದ ಚೊಂಬು ಕಿತ್ತುಕೊಂಡಳು.

"ಸಾಕು ಬಿಡು ನೀಲಕ್ಕ. ಇರೋದೇ ಎರಡು ಬಿಂದಿಗೆ. ಬಂದೋರು ಕೈಕಾಲು ತೊಳಿಯೋದು ಬ್ಯಾಡ್ವ?"

ಅಂಗಳದ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಮುನಿಗಂಗಪ್ಪನ ಕತ್ತಿನ ಮೇಲೆ ಸೀಗೆಪುಡಿ ಇನ್ನೂ ಹಾಗೇ ಇತ್ತು. ನಿನ್ನೆ ಮಧ್ಯಾಹ್ನ ಉಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ.

"ಅಣ್ಣನ ಮೈ ಪೂರ್ತಿ ತೊಳೆದಿಲ್ಲ ಕಣತ್ತಿಗೆ" ಎಂದಳು ನೀಲಕ್ಕ.

"ಇರ್ಲಿ. ಯಾವ್ಯಾವುದೋ ದೇಶಕ್ಕೆ ನೀರು ಕೊಟ್ಟೋನಲ್ವ, ಎಲ್ಲಿಂದಾನ ತಂದ್ಕೊಳ್ಳಲಿ."

ಸುತ್ತ ನಿಂತಿದ್ದವರು ಬೇರೆ ಕಡೆ ನೋಡಿದರು. ಮಗಳು ಸರಳಾ ಹತ್ತಿರ ಬಂದು, "ಅಮ್ಮ, ಇವತ್ತೊಂದಿನ ಸುಮ್ನಿರು. ಟ್ಯಾಂಕರ್‌ಗೆ ಫೋನ್ ಮಾಡಿದೀನಿ, ಬರ್ತಿದೆ" ಎಂದಳು.

ಮುನಿಕೆಂಪಮ್ಮ ಕುಂಟುತ್ತ ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಅವಳು ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೋಗಿಲು ಊರಿನ ಹಳೇ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳನ್ನು ಅಳಿಸಲು ನೋಡಿ ಸೋತಿದ್ದರು.

*

ಮೂವತ್ತೈದು ವರ್ಷ ಮುನಿಗಂಗಪ್ಪನದು ಒಂದೇ ಕೆಲಸ. ಯಲಹಂಕದಿಂದ ಬಾಗಲೂರಿನವರೆಗೆ ಯಾವ ಹಳ್ಳಿಯಲ್ಲಿ ಬೋರಿಂಗ್ ಕೆಟ್ಟರೂ ಸೈಕಲ್ಲಿಗೆ ಸ್ಪ್ಯಾನರ್ ಚೀಲ ಕಟ್ಟಿಕೊಂಡು ಹೊರಡುವುದು, ಪೈಪು ಎತ್ತಿ ವಾಷರ್ ಬದಲಿಸುವುದು. ಪೈಪು ಎತ್ತುವುದಕ್ಕೆ ಜೊತೆಗೆ ಹಬೀಬುಲ್ಲಾ. ಆಮೇಲೆ ಹಳ್ಳಿಗಳೆಲ್ಲ ಲೇಔಟುಗಳಾದವು, ನೀರು ಸಾವಿರ ಅಡಿ ಕೆಳಗಿಳಿಯಿತು, ಕೈಪಂಪುಗಳನ್ನು ಗುಜರಿಗೆ ಹಾಕಿದರು. ರಿಟೈರಾದ ಮೇಲೆ ಅವನು ಅರಳಿಕಟ್ಟೆ ಮೇಲೆ ಕೂತು ಕಾರು ಎಣಿಸುತ್ತಿದ್ದ.

ಆಗ ಒಂದು ಸಂಸ್ಥೆಯವರು ಹುಡುಕಿಕೊಂಡು ಬಂದರು. ಆಫ್ರಿಕಾದ ಮಲಾವಿ ಅನ್ನುವ ದೇಶದಲ್ಲಿ ಅದೇ ಥರದ ಪಂಪುಗಳಿವೆ, ರಿಪೇರಿ ಗೊತ್ತಿರುವವರಿಲ್ಲ, ಹೆಂಗಸರು ಕೆರೆಯ ಬಗ್ಗಡ ಕುಡಿಯುತ್ತಿದ್ದಾರೆ, ಸಂಬಳವಿಲ್ಲ, ಇದು ಸೇವೆ; ಊಟ, ವಸತಿ, ವಿಮಾನ ನಮ್ಮದು ಅಂದರು. ಮುನಿಗಂಗಪ್ಪ ಆವತ್ತು ರಾತ್ರಿ ಎರಡು ಮುದ್ದೆ ಜಾಸ್ತಿ ಉಂಡ.

"ಕೋಟು ಹಾಕ್ಕೊಂಡು ಬಂದೋರ್ನ ನಂಬ್ಕೊಂಡು ಹೋಗ್ಬ್ಯಾಡ" ಎಂದಿದ್ದಳು ಮುನಿಕೆಂಪಮ್ಮ.

"ನನ್ನ ಕೈಗೆ ಇನ್ನೂ ಕೆಲಸ ಐತೆ ಕಣೆ" ಎಂದವನು ಹಬೀಬುಲ್ಲಾನನ್ನೂ ಹೊರಡಿಸಿದ್ದ.

ಅವರು ಹೋದ ಬೇಸಿಗೆಯಲ್ಲೇ ಮನೆಯ ಬೋರ್ ಬತ್ತಿತು. ಟ್ಯಾಂಕರಿನವನು ಗೇಟಿನಾಚೆಯೇ ನೀರು ಬಿಟ್ಟುಹೋಗುತ್ತಿದ್ದ. ಮಹಡಿಗೆ ಬಿಂದಿಗೆ ಹೊರುವಾಗ ಮುನಿಕೆಂಪಮ್ಮ ಏಳನೇ ಮೆಟ್ಟಿಲಿಂದ ಜಾರಿದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಸರಳಾ ಮಲಾವಿಗೆ ಫೋನ್ ಹಚ್ಚಿ ಅಮ್ಮನ ಕಿವಿಗಿಟ್ಟಳು.

"ಇಲ್ಲಿ ಸ್ವಲ್ಪ ಕೆಲಸ ಐತೆ. ಮುಗಿಸ್ಕೊಂಡು ಬತ್ತೀನಿ" ಎಂದಿತು ಮುನಿಗಂಗಪ್ಪನ ದನಿ.

ಬಂದದ್ದು ಹದಿನೆಂಟು ದಿನದ ಮೇಲೆ.

ಆಮೇಲಿನ ಎರಡು ವರ್ಷ ಅವಳು ಆ ಮಾತು ಎತ್ತದೆ ಅವನಿಗೆ ಒಂದು ಹೊತ್ತೂ ಊಟಕ್ಕಿಕ್ಕಲಿಲ್ಲ. "ಆ ಊರಿನ ಹೆಂಗಸರ ಕಷ್ಟ ಕಾಣ್ತು ನಿಂಗೆ" ಅನ್ನುವಳು. ಅವನು ತಲೆ ತಗ್ಗಿಸಿ ಮುದ್ದೆ ಮುರಿಯುವನು. ಎದ್ದು ತಟ್ಟೆ ತೊಳೆಯುವನು. ಮಹಡಿಗೆ ಆಮೇಲೆ ಒಂದು ಬಿಂದಿಗೆಯನ್ನೂ ಅವಳು ಹೊರಲಿಲ್ಲ. ಎಲ್ಲ ಅವನೇ ಹೊತ್ತ.

*

ಟ್ಯಾಂಕರ್ ಬಂತು, ಆದರೆ ಓಣಿಯ ಬಾಯಲ್ಲಿ ಬಿಳಿ ಕಾರೊಂದು ಅಡ್ಡ ನಿಂತಿತ್ತು. ಅದರಿಂದಿಳಿದ ಸಂಸ್ಥೆಯ ವಿಶ್ವನಾಥ ದೊಡ್ಡ ಹೂವಿನ ಚಕ್ರ ತಂದು ಹೆಣದ ಎದೆಗೆ ಒರಗಿಸಿಟ್ಟ. ಜೊತೆಗಿದ್ದವರು ಗೋಡೆಗೆ ಫ್ಲೆಕ್ಸ್ ಕಟ್ಟತೊಡಗಿದರು. ಅದರಲ್ಲಿ ಮುನಿಗಂಗಪ್ಪ ಕೈಪಂಪಿನ ಪಕ್ಕ ನಿಂತಿದ್ದ, ಸುತ್ತ ರಿಬ್ಬನ್ನು, ಬಲೂನು, ಕೋಟಿನವರು.

"ನಮ್ಮನೆಯವರ ಥರ ಇದ್ರಮ್ಮ" ಎಂದ ವಿಶ್ವನಾಥ. "ನಿಮಗೆ ಪೆಟ್ಟಾದಾಗಲೂ ಸೇವೆ ಬಿಟ್ಟು ಬರಲಿಲ್ಲ. ಅಂಥ ತ್ಯಾಗ ಯಾರು ಮಾಡ್ತಾರೆ ಹೇಳಿ. ಒಂದು ಫೋಟೊ ತಗೋತೀವಿ, ನೀವು ಹೀಗೆ ಪಕ್ಕದಲ್ಲಿ..."

ಮುನಿಕೆಂಪಮ್ಮ ಗಂಡನ ಮುಖವನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಹಬೀಬುಲ್ಲಾ ಜನರನ್ನು ಸರಿಸಿಕೊಂಡು ಬಂದ. ಯಲಹಂಕದಿಂದ ತನ್ನ ಆಟೋ ಓಡಿಸಿಕೊಂಡು ಬಂದವನ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

"ಬರಲಿಲ್ಲ ಅಲ್ಲ ಸಾರ್. ನೀವು ಬಿಡಲಿಲ್ಲ."

"ಹಬೀಬಣ್ಣ, ಈಗ ಯಾಕೆ ಅದೆಲ್ಲ..." ವಿಶ್ವನಾಥ ಕ್ಯಾಮೆರಾದವನಿಗೆ ಕಣ್ಸನ್ನೆ ಮಾಡಿದ.

"ಯಾವ್ದು ಅದು?" ಎಂದಳು ಮುನಿಕೆಂಪಮ್ಮ.

"ನಮ್ಮ ಪಾಸ್‌ಪೋರ್ಟು ಇವರ ಆಫೀಸಲ್ಲಿತ್ತಕ್ಕ. ಕಳೆದುಹೋಗ್ತದೆ ಅಂತ ಹೋದ ದಿನಾನೇ ಇಸ್ಕೊಂಡಿದ್ರು. ನೀವು ಬಿದ್ದ ಸುದ್ದಿ ಬಂದಾಗ ಅಣ್ಣ ಅಲ್ಲಿ ಹೋಗಿ ಕೂತ್ರು. ದುಡ್ಡು ಕೊಟ್ಟ ದೊಡ್ಡೋರು ಉದ್ಘಾಟನೆಗೆ ಬರ್ತಾರೆ, ನೀವಿಲ್ದಿದ್ರೆ ಪಂಪ್ ಓಡ್ಸೋರ್ಯಾರು, ಅದು ಮುಗಿಲಿ ಅಂದ್ರು ಇವರು. ಮೂರು ದಿನ ಅಣ್ಣ ಬಾಗಿಲಲ್ಲೇ ಇದ್ರು. ಅನ್ನ ಮುಟ್ಟಲಿಲ್ಲ. ಉದ್ಘಾಟನೆ ಮುಗಿದ ಮೇಲೇ ಪಾಸ್‌ಪೋರ್ಟು ಕೊಟ್ಟಿದ್ದು."

ವಿಶ್ವನಾಥ ಕರವಸ್ತ್ರ ತೆಗೆದು, "ಅದು ಅಲ್ಲಿನ ನಿಯಮ, ನಮ್ಮ ಕೈಯಲ್ಲಿ ಇರಲಿಲ್ಲ" ಎಂದ.

ಮುನಿಕೆಂಪಮ್ಮ ಅವನ ಕಡೆ ನೋಡಲಿಲ್ಲ. "ನಂಗ್ಯಾಕೆ ಹೇಳ್ಲಿಲ್ಲ ಇವ್ನು?" ಎಂದು ಹಬೀಬುಲ್ಲಾನನ್ನು ಕೇಳಿದಳು.

"ನಾನು ಹೇಳ್ತೀನಿ ಅಂದ್ರೆ ಆಣೆ ಹಾಕಿಸ್ಕೊಂಡ್ರಕ್ಕ. ನಂಬಬೇಡ ಅಂತ ಅವಳು ಮೊದ್ಲೇ ಹೇಳಿದ್ಲು, ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ ಅಂತಿದ್ರು. ಹೆಂಡ್ತಿ ಬಿದ್ದಾಗ ಬರೋಕಾಗ್ದೆ ಕೂತಿದ್ದೆ ಅನ್ನೋದಕ್ಕಿಂತ, ಬರಲಿಲ್ಲ ಅಂತ ಬೈಸ್ಕೊಳ್ಳೋದೇ ವಾಸಿ ಅಂದ್ರು."

ಮುನಿಕೆಂಪಮ್ಮ ಎದ್ದು ಹೂವಿನ ಚಕ್ರವನ್ನು ಎದೆಯಿಂದ ಎತ್ತಿದಳು. ವಿಶ್ವನಾಥನ ಕೈಗೆ ಕೊಟ್ಟಳು.

"ಕಾರು ತೆಗಿ ಸ್ವಾಮಿ. ನೀರು ಬರ್ಬೇಕು ಒಳಿಕ್ಕೆ."

ಅವನು ಏನೋ ಹೇಳಹೊರಟ. ಸರಳಾ ಆಗಲೇ ಫ್ಲೆಕ್ಸಿನ ದಾರ ಬಿಚ್ಚುತ್ತಿದ್ದಳು. ಅವರು ಹೋದರು.

ಟ್ಯಾಂಕರ್ ಒಳಬಂದ ಮೇಲೆ ಮುನಿಕೆಂಪಮ್ಮ ತಾನೇ ಚೊಂಬು ಹಿಡಿದು ಗಂಡನ ಕತ್ತು, ಬೆನ್ನು, ಬೆರಳ ಸಂದಿ ತೊಳೆದಳು. ತೊಳೆಯುತ್ತಲೇ ಬೈದಳು.

"ಬಾಯಿಗೇನ್ ಬೀಗ ಹಾಕ್ಕೊಂಡಿದ್ಯ? ಎಲ್ರ ಮುಂದೆ ನಿನ್ನ ಆಡ್ಕೊಂಡೆ. ಮಗಳ ಮುಂದೆ ಆಡ್ಕೊಂಡೆ. ನಿನ್ನೆ ಉಣ್ಣುವಾಗ್ಲೂ ಅದೇ ಅಂದೆ. ಉಂಡ್ಕೊಂಡು ಸುಮ್ನೆ ಹೋಗಿ ಮಲಗ್ದ್ಯಲ್ಲ. ಯಾರ್ನ ಬೈಯ್ಲಿ ನಾನೀಗ?"

ನೀಲಕ್ಕ ಅವಳ ತೋಳು ಹಿಡಿಯಲು ಬಂದಳು. ಕೊಡವಿಕೊಂಡಳು.

ಹೆಂಗಸರು ಮಣ್ಣಿಗೆ ಬರುವುದಿಲ್ಲ ಎಂದರು ಹಿರಿಯರು. ಅವಳು ಹಬೀಬುಲ್ಲಾನ ಆಟೋ ಹತ್ತಿ ಕೂತಳು, ಸರಳಾಳೂ ಹತ್ತಿದಳು. ಗುಂಡಿಯ ಅಂಚಿನಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮುನಿಕೆಂಪಮ್ಮನೂ ಬಗ್ಗಿ ಒಂದು ಹಿಡಿ ಎತ್ತಿಕೊಂಡಳು. ಹಾಕಲಿಲ್ಲ. "ಹಾಕಮ್ಮ" ಎಂದು ಸರಳಾ ಬೆರಳು ಬಿಡಿಸಲು ನೋಡಿದಳು, ಮುಷ್ಟಿ ಬಿಚ್ಚಲಿಲ್ಲ. ಗುದ್ದಲಿ ಹಿಡಿದವರು ಸ್ವಲ್ಪ ಹೊತ್ತು ಕಾದರು, ಆಮೇಲೆ ತಾವೇ ಮುಚ್ಚಿದರು.

ವಾಪಸು ಬರುವಾಗ ಕೋಗಿಲು ಕ್ರಾಸಿನಲ್ಲಿ ಸಿಗ್ನಲ್ ಬಿತ್ತು. ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ಒಬ್ಬಳು ಆಟೋದೊಳಗೆ ನೋಡಿದಳು. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ನೆಟ್ಟಗೆ ಕೂತಿದ್ದಳು, ಬಿಗಿದ ಮುಷ್ಟಿ ಮಡಿಲಲ್ಲಿ, ಬೆರಳ ಸಂದಿಯಿಂದ ಸೀರೆಯ ಮೇಲೆ ಕೆಂಪು ಮಣ್ಣು ಉದುರುತ್ತಿತ್ತು.